ಮನೆಯಲ್ಲೇ ಕೂತು ತೋಟದ ಮೋಟಾರ್ ಆನ್ ಮಾಡುವುದು ಹೇಗೆ?

ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡಿದು ತೋಟಕ್ಕೆ ಓಡಿದವರಿಗೆ ಮೊಬೈಲ್ ಸ್ಟಾರ್ಟರ್ ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಆ ಡಬ್ಬಿ ಮಾಡುವ ಮುಖ್ಯ ಕೆಲಸ ಒಂದೇ. ನೀವು ಫೋನ್ ಮಾಡಿದಾಗ ನಿಮ್ಮ ಬೆರಳಿನ ಬದಲು ಅದು ಸ್ಟಾರ್ಟರ್ ಬಟನ್ ಒತ್ತುತ್ತದೆ. ಹಾಗಾಗಿ ಕೈಯಲ್ಲಿ ಒತ್ತಿದರೇ ಸರಿಯಾಗಿ ಹಿಡಿಯದ ಹಳೇ ಸ್ಟಾರ್ಟರ್ ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಆಮೇಲೆ ಸಿಮ್. ಮೊಬೈಲ್ ಸ್ಟಾರ್ಟರ್ 2ಜಿಯದ್ದಾದರೆ ಜಿಯೋ ಸಿಮ್ ನಡೆಯುವುದಿಲ್ಲ, ಅವರಲ್ಲಿ 2ಜಿ ಇಲ್ಲವೇ ಇಲ್ಲ. ಯಾವ ಸಿಮ್ ಹಾಕಬೇಕು ಅಂತಿದ್ದೀರೋ ಅದನ್ನು ಫೋನಿಗೆ ಹಾಕಿ, ಸ್ಟಾರ್ಟರ್ ಪಕ್ಕದಲ್ಲೇ ನಿಂತು ಒಂದು ಕಾಲ್ ಮಾಡಿ ನೋಡಿ. ಆಂಟೆನಾ ಕಬ್ಬಿಣದ ಪೆಟ್ಟಿಗೆಯ ಹೊರಗಿರಲಿ.

ಈಗ ವೈರಿಂಗ್. ಇದು 415 ವೋಲ್ಟ್, ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಟೆಸ್ಟರ್ ಇಟ್ಟು ನೋಡಿದ ಮೇಲೇ ಕೈ ಹಾಕಿ. ಹಸಿರು ಬಟನ್ ಒತ್ತಿದರೆ ವೈರ್ ಕೂಡುತ್ತದೆ, ಆದ್ದರಿಂದ ಡಬ್ಬಿಯ ಸ್ಟಾರ್ಟ್ ರಿಲೇಯ (ಫೋನ್ ಬಂದಾಗ ಬಟನ್ ಕೆಲಸ ಮಾಡುವ ಸ್ವಿಚ್) ಎರಡು ವೈರ್ ಅದರ ಎರಡು ಸ್ಕ್ರೂಗೆ ಪ್ಯಾರಲಲ್ ಆಗಿ ಹೋಗಬೇಕು. ಕೆಂಪು ಬಟನ್ ಉಲ್ಟಾ, ಒತ್ತಿದರೆ ಬಿಡುತ್ತದೆ. ಅಲ್ಲಿ ಒಂದು ವೈರ್ ಬಿಚ್ಚಿ ಸ್ಟಾಪ್ ರಿಲೇಯನ್ನು ನಡುವೆ ಸೀರೀಸ್‌ನಲ್ಲಿ ಸೇರಿಸಬೇಕು. ನಾನು ಎರಡನ್ನೂ ಪ್ಯಾರಲಲ್ ಕೊಟ್ಟಿದ್ದೆ. ಫೋನ್ ಮಾಡಿದರೂ ನಿಲ್ಲಲಿಲ್ಲ, ಕೆಂಪು ಬಟನ್ ಒತ್ತಿದರೂ ನಿಲ್ಲಲಿಲ್ಲ, ಯಾಕೆಂದರೆ ಒಂದು ಬಿಟ್ಟರೆ ಇನ್ನೊಂದು ಕರೆಂಟಿಗೆ ದಾರಿ ಕೊಡುತ್ತಿತ್ತು. ಕೊನೆಗೆ ಮೇನ್ ಎಳೆದೆ, ಅಷ್ಟರಲ್ಲಿ ಅಡಿಕೆ ಸಾಲಿನಲ್ಲಿ ಪಾದ ಮುಳುಗುವಷ್ಟು ನೀರು.

ಇನ್ನೊಂದು ಸಣ್ಣ ರಿಂಗ್ ಇರುತ್ತದೆ, ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಅಂತಾರೆ. ಮೋಟಾರಿಗೆ ಹೋಗುವ ಒಂದು ವೈರ್ ಅದರೊಳಗಿಂದ ತೂರಿಸಿ. ಮೋಟಾರ್ ಎಷ್ಟು ಆಂಪ್ ಎಳೆಯುತ್ತಿದೆ ಅಂತ ಅದು ಅಳೆಯುತ್ತದೆ. ಬೋರ್ ಬತ್ತಿದರೆ ಆಂಪ್ ಇಳಿಯುತ್ತದೆ, ಡಬ್ಬಿ ತಾನೇ ಮೋಟಾರ್ ನಿಲ್ಲಿಸುತ್ತದೆ. ಈ ಡ್ರೈ ರನ್, ಅಂದರೆ ನೀರಿಲ್ಲದೆ ಓಡಿದರೆ ನಿಲ್ಲಿಸುವ ವ್ಯವಸ್ಥೆ, ಸೆಟ್ ಮಾಡುವಾಗ ನೀರು ಚೆನ್ನಾಗಿ ಬರುತ್ತಿರಲಿ. ಫೋನಿನಲ್ಲಿ 'ಮೋಟಾರ್ ಆನ್ ಆಗಿದೆ' ಅನ್ನುವ ಮಾತು ಕೇಳಿ ಸುಮ್ನೆ ಮಲಗಬೇಡಿ, ಆಂಪ್ ಎಷ್ಟು ಅಂತ ಕೇಳಿಸಿಕೊಳ್ಳಿ.

ಡಬ್ಬಿಯಲ್ಲಿ ನಿಮ್ಮ ಮನೆಯವರ ನಂಬರ್‌ಗಳನ್ನು ಮಾತ್ರ ಸೇರಿಸಿ, ಬೇರೆಯವರ ಕಾಲ್‌ಗೆ ಮೋಟಾರ್ ಓಡಬಾರದು ನೋಡಿ.

ಆಟೋ ಮೋಡ್, ಅಂದರೆ ಕರೆಂಟ್ ಬಂದಾಗ ಮೋಟಾರ್ ತಾನೇ ಆನ್ ಆಗುವ ಹಾಗೆ, ಹಾಕುವುದಾದರೆ ಪಕ್ಕದ ತೋಟದವರನ್ನು ಕೇಳಿ. ಒಂದೇ ಟ್ರಾನ್ಸ್‌ಫಾರ್ಮರ್‌ನ ಎಲ್ಲ ಮೋಟಾರೂ ಕರೆಂಟ್ ಬಂದ ಕೂಡಲೇ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. ಕರೆಂಟ್ ಬಂದು ಒಂದು ನಿಮಿಷಕ್ಕೆ ಅವರದ್ದು ಆನ್ ಆಗುವಂತಿದ್ದರೆ ನಿಮ್ಮದು ಎರಡಕ್ಕಿರಲಿ.