ಸೆರೆಯಲ್ಲಿದ್ದ ರಾಜನ ಮನವಿ ಓದುವುದು ಹೇಗೆ

ಪಾರ್ಲಿಮೆಂಟಿನ ಜೊತೆ ಯುದ್ಧ ಮಾಡಿ ಸೋತ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ಸೆರೆಯಿಂದ ಪ್ರಜೆಗಳಿಗೆ ಬರೆದದ್ದನ್ನು ಓದಬೇಕಾ? ಮೊದಲು ತಾರೀಖು ನೋಡಿ. ಆಗ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿ ಹೊತ್ತಿಗೆ ಅನ್ನಿ, ಹಾಗಾಗಿ ಕಾಗದದಲ್ಲಿ 1647ರ ಜನವರಿ ಅಂತ ಇದ್ದರೆ ನಮ್ಮ ಲೆಕ್ಕಕ್ಕೆ ಅದು 1648. ಜಯನಗರದ ಮನೆಯಲ್ಲಿ ಕೂತು ಒಂದಿಡೀ ಸಂಜೆ ಇದರಲ್ಲೇ ತಲೆ ಕೆಡಿಸಿಕೊಂಡಿದ್ದೆ.

ಆಮೇಲೆ ಬೆನ್ನ ಹಿಂದೆ ಏನು ನಡೀತಿತ್ತು ನೋಡಿ. 1647ರ ನವೆಂಬರಿನಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಸೆರೆಯಿಂದ ತಪ್ಪಿಸಿಕೊಂಡವನು ಕ್ಯಾರಿಸ್‌ಬ್ರೂಕ್ ಕೋಟೆಯಲ್ಲಿ ಮತ್ತೆ ಸೆರೆಯಾದ. ಡಿಸೆಂಬರ್ 26ಕ್ಕೆ ಸ್ಕಾಟರ (ಸ್ಕಾಟ್ಲೆಂಡಿನವರ) ಜೊತೆ ಗುಟ್ಟಿನ ಒಪ್ಪಂದ, ಅವರು ತನ್ನ ಪರವಾಗಿ ಸೈನ್ಯ ತರಲಿ ಅಂತ. ಜನವರಿಯಲ್ಲಿ ಪಾರ್ಲಿಮೆಂಟು ಇನ್ನು ಮಾತುಕತೆಯೇ ಬೇಡ ಅಂದಾಗ, ನಾನು ಮಾತೇ ಆಡಬಾರದಾ ಅಂತ ಜನರ ಮುಂದೆ ಅಳಲು! ಪಾಪ ಅನ್ನಿಸುತ್ತೆ, ಅಲ್ವಾ? ಶಾಂತಿ ಅನ್ನುವ ಮಾತು ಬಂದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕಕ್ಕೆ ‘ಡಿಸೆಂಬರ್ 26’ ಅಂತ ಬರೆಯಿರಿ.