ಗಿಟಾರ್ ಆಂಪ್‌ನಲ್ಲಿ ಬಾಸ್: ನಾನು ನುಡಿಸುವ ಕ್ರಮ

ಗಿಟಾರ್ ಆಂಪ್‌ಗೆ (ಆಂಪ್ಲಿಫೈಯರ್) ಬಾಸ್ ಗಿಟಾರ್ ಹಾಕಿದರೆ ಆಂಪ್ ಸುಟ್ಟುಹೋಗುತ್ತದೆ ಎನ್ನುವವರು ಬೆಂಗಳೂರಿನ ಜ್ಯಾಮ್ ರೂಮುಗಳಲ್ಲಿ (ಬ್ಯಾಂಡ್‌ಗಳು ಅಭ್ಯಾಸ ಮಾಡುವ ಕೋಣೆಗಳಲ್ಲಿ) ಈಗಲೂ ಸಿಗುತ್ತಾರೆ. ಸರ್ಕ್ಯೂಟ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಸ್ಪೀಕರ್‌ಗೆ. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್ (ಸೆಕೆಂಡಿಗೆ 82 ಕಂಪನ), ಬಾಸ್‌ನದು 41. ಹೀಗೆ ಒಂದು ಆಕ್ಟೇವ್ (ಅಂದರೆ ಅರ್ಧ ಹರ್ಟ್ಸ್) ಕೆಳಗೆ ಅಷ್ಟೇ ಸದ್ದು ಬರಬೇಕಾದರೆ ಸ್ಪೀಕರ್‌ನ ಆಡುವ ಹಾಳೆ, ಅಂದರೆ ಕೋನ್, ನಾಲ್ಕು ಪಟ್ಟು ಹೆಚ್ಚು ಆಡಬೇಕು. ಗಿಟಾರ್ ಸ್ಪೀಕರ್‌ನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಹಿಂಬದಿ ತೆರೆದ ಕಾಂಬೋ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಆದರೆ ಕೋನನ್ನು ತಡೆಯಲು ಒಳಗೆ ಗಾಳಿಯ ಒತ್ತಡವೂ ಇಲ್ಲ. ಮುಚ್ಚಿದ ಕ್ಯಾಬಿನೆಟ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಹಾಗಾಗಿ ತೀರಾ ಕೆಳಗಿನ ಸ್ವರವನ್ನು ಆಂಪ್‌ಗೆ ಹೋಗುವ ಮೊದಲೇ ಇಳಿಸುತ್ತೇನೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಸಾಮಾನು ಸಾಕು: ಸಣ್ಣ ಲೋಹದ ಡಬ್ಬಿ, ಕಾಲಿಂಚಿನ ಎರಡು ಮೊನೋ ಜ್ಯಾಕ್, 2.2 ನ್ಯಾನೋಫ್ಯಾರಡ್‌ನ ಒಂದು ಫಿಲ್ಮ್ ಕೆಪಾಸಿಟರ್ (ಮೈಮೇಲೆ 222 ಎಂದಿರುತ್ತದೆ). ಎರಡೂ ಜ್ಯಾಕ್‌ಗಳ ಟಿಪ್ (ಸಿಗ್ನಲ್ ಕಾಲು) ನಡುವೆ ಕೆಪಾಸಿಟರ್ ಬೆಸುಗೆ ಹಾಕಿ, ಸ್ಲೀವ್‌ಗಳನ್ನು (ಗ್ರೌಂಡ್ ಕಾಲು) ವೈರಿನಿಂದ ಜೋಡಿಸಿ ಡಬ್ಬಿಗೆ ತಾಗಿಸಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಹಮ್ ಹಿಡಿಯುತ್ತದೆ. ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) 1 ಮೆಗಾಓಮ್ ಇದ್ದರೆ ಸುಮಾರು 72 ಹರ್ಟ್ಸ್‌ನಿಂದ ಕೆಳಗೆ ಇಳಿಕೆ ಶುರುವಾಗಿ, 41ಕ್ಕೆ ಬರುವಷ್ಟರಲ್ಲಿ ಸಿಗ್ನಲ್ ಅರ್ಧವಾಗುತ್ತದೆ. ಇನ್‌ಪುಟ್ 470 ಕಿಲೋಓಮ್ ಆದರೆ 4.7 ನ್ಯಾನೋಫ್ಯಾರಡ್ ಹಾಕಿ. ಪೆಡಲ್‌ಗಳಿದ್ದರೆ ಈ ಡಬ್ಬಿ ಎಲ್ಲಕ್ಕಿಂತ ಕೊನೆಗೆ, ಆಂಪ್‌ಗೆ ತಾಗಿದಂತೆ ಇರಬೇಕು. ಎರಡು ಇನ್‌ಪುಟ್ ಇರುವ ಆಂಪ್‌ಗಳಲ್ಲಿ ಹೈ ಇನ್‌ಪುಟ್ಟೇ ಆಗಬೇಕು. ಕೆಲವು ಆಂಪ್‌ಗಳ ಲೋ ಇನ್‌ಪುಟ್‌ನಲ್ಲಿ ಇಂಪೀಡೆನ್ಸ್ ತುಂಬಾ ಕಡಿಮೆ ಇರುವುದರಿಂದ ಬಾಸ್ ಪೂರ್ತಿ ಸೊರಗುತ್ತದೆ. ಬ್ಯಾಟರಿ ಇರುವ ಬಾಸ್‌ನ ಸಿಗ್ನಲ್ ಜೋರಾದರೆ ಲೋ ಇನ್‌ಪುಟ್‌ಗೆ ಹೋಗದೆ ಬಾಸ್‌ನ ವಾಲ್ಯೂಮನ್ನೇ ಇಳಿಸಿಕೊಳ್ಳಿ.

ಕೆಳಗಿನದು ಹೋದರೆ ಬಾಸ್ ಹೋಯಿತು ಎಂದು ಹೆದರಬೇಕಿಲ್ಲ. ನಮ್ಮ ಕಿವಿ ಸ್ವರವನ್ನು ಗುರುತಿಸುವುದು ಬಹುಮಟ್ಟಿಗೆ ಅದರೊಂದಿಗೇ ಹುಟ್ಟುವ ಮೇಲಿನ ಕಂಪನಗಳಿಂದ, ಅಂದರೆ ಹಾರ್ಮೋನಿಕ್‌ಗಳಿಂದ. ಬಾಸ್ ನಾಬ್ 2ರಲ್ಲಿ, ಮಿಡ್ 7ರಲ್ಲಿ, ಟ್ರೆಬಲ್ 4ರಲ್ಲಿ ಇಟ್ಟು ಶುರುಮಾಡುತ್ತೇನೆ. ಮಿಡ್ ಇಲ್ಲದ ಬಾಸ್ ಬರೀ ಗುಂಯ್ ಎನ್ನುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಆ ಗುಂಯ್ ನಿಮಗಿಂತ ಕೆಳಗಿನ ಮನೆಯವರಿಗೇ ಹೆಚ್ಚು ಕೇಳಿಸುತ್ತದೆ. ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಡಿ. ಗೇನ್ ಕಡಿಮೆ ಇರಲಿ, ಕಂಪ್ರೆಸರ್ (ಜೋರಾದ ಏಟನ್ನು ತಗ್ಗಿಸುವ ಪೆಡಲ್) ಇದ್ದರೆ ಹಾಕಿ: ಸ್ಲ್ಯಾಪ್‌ನಲ್ಲಿ, ಅಂದರೆ ಹೆಬ್ಬೆರಳಿನಿಂದ ತಂತಿಗೆ ಬಡಿಯುವಾಗ, ಮೊದಲ ಏಟೇ ಕೋನನ್ನು ಅತಿಯಾಗಿ ತಳ್ಳುವುದು.

ವಾಲ್ಯೂಮ್ ಎಷ್ಟು ಎಂಬುದನ್ನು ನಾಬಿನ ಅಂಕಿ ನೋಡಿ ತೀರ್ಮಾನಿಸಬೇಡಿ. ತೆರೆದ ಇ ತಂತಿ ಮೀಟುತ್ತಾ, ತೆರೆದ ಹಿಂಬದಿಯಿಂದ, ಮುಚ್ಚಿದ್ದಾದರೆ ಮುಂದಿನಿಂದ, ಟಾರ್ಚ್ ಬಿಟ್ಟು ಕೋನ್ ನೋಡಿ. ಅಂಚು ಮಸುಕಾಗಿ ಕಾಣುವಷ್ಟು ಆಡಿದರೆ ವಾಲ್ಯೂಮ್ ಇಳಿಸಿ. ಫಟ್ ಫಟ್ ಎಂದರೆ ಕೋನಿಗೆ ಅಂಟಿದ ತಂತಿಸುರುಳಿ, ಅಂದರೆ ಕಾಯಿಲ್, ಸ್ಪೀಕರ್‌ನ ಹಿಂಬದಿಗೆ ಬಡಿಯುತ್ತಿದೆ ಎಂದರ್ಥ, ತಕ್ಷಣ ನಿಲ್ಲಿಸಿ. ಆಮೇಲೆ ಆಂಪ್ ಆಫ್ ಮಾಡಿ, ಎರಡು ಕೈಯ ಬೆರಳುಗಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ನೋಡಿ. ಕರಕರ ಎಂದರೆ ಕಾಯಿಲ್ ಉಜ್ಜುತ್ತಿದೆ, ಕೋನ್ ಮತ್ತು ಕಾಯಿಲ್ ಅಥವಾ ಇಡೀ ಸ್ಪೀಕರ್ ಬದಲಾಯಿಸದೆ ಬೇರೆ ದಾರಿಯಿಲ್ಲ.

ಐದು ತಂತಿಯ ಬಾಸ್‌ನ ಕೆಳಗಿನ ಬಿ 31 ಹರ್ಟ್ಸ್. ಅದನ್ನು ಗಿಟಾರ್ ಆಂಪ್‌ನಲ್ಲಿ ನಾನು ಜೋರಾಗಿ ನುಡಿಸುವುದೇ ಇಲ್ಲ. ಡ್ರಮ್ಸ್ ಜೊತೆಗಿದ್ದರೆ ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಡಬ್ಬಿ) ಹಾಕಿ ಬಾಸನ್ನು ನೇರ ಪಿಎ (ಸಭೆಗೆ ಕೇಳಿಸುವ ದೊಡ್ಡ ಸ್ಪೀಕರ್‌ಗಳ) ಮಿಕ್ಸರ್‌ಗೆ ಕೊಡುತ್ತೇನೆ. ಗಿಟಾರ್ ಆಂಪ್ ಪಕ್ಕದಲ್ಲಿ ನನಗೆ ಕೇಳಿಸುವಷ್ಟೇ ಇರುತ್ತದೆ.