ಹಳೆ ಸೀರೆ, ಸುತಳಿ, ತೊಗರಿ ಕಟ್ಟಿಗೆ: ಕುಂಬಳಕಾಯಿ ರೆಡಿ!

ಕತ್ತರಿಸದ ಕುಂಬಳಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಅಲಂಕಾರಕ್ಕೆಂದು ತಂದಿಟ್ಟದ್ದನ್ನು ಮನೆಯವರು ಪಲ್ಯ ಮಾಡದೆ ಬಿಡ್ತಾರಾ? ದೀಪಾವಳಿಗೋ, ಕುಬಸದ ಕಾರ್ಯಕ್ಕೋ ಮೂಲೆಯಲ್ಲಿ ಜೋಡಿಸಿಡಲು ಬಟ್ಟೆಯ ಕುಂಬಳವೇ ಸಾಕು. ಕಲಬುರಗಿ ಕಡೆ ಎಷ್ಟೋ ಮನೆಗಳಲ್ಲಿ ಕೌದಿಗೆಂದು ಎತ್ತಿಟ್ಟ ಹಳೆ ಬಟ್ಟೆಯ ಗಂಟು ಇರುತ್ತದೆ. ಅದನ್ನು ಬಿಚ್ಚಿ.

ಬಟ್ಟೆಯ ಕುಂಬಳ

ಕುಂಬಳ ಎಷ್ಟು ಅಗಲ ಬೇಕೋ ಅದರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅಗಲದ ದುಂಡನೆ ಬಟ್ಟೆ ಬೇಕು. 45 ಸೆಂ.ಮೀ. ಅಗಲದ ಬಟ್ಟೆಯಿಂದ ಸುಮಾರು 14 ಸೆಂ.ಮೀ. ಕುಂಬಳ ಆಗುತ್ತದೆ. ಅಳತೆ ಪಟ್ಟಿ ಇಲ್ಲದಿದ್ದರೆ ಪರಾತ ಬೋರಲು ಹಾಕಿ ಸುತ್ತ ಗೆರೆ ಎಳೆಯಿರಿ.

ಅಂಚಿನುದ್ದಕ್ಕೂ ದಪ್ಪ ದಾರದಿಂದ ಕೌದಿಯ ಹೊಲಿಗೆಯಂತೆ ದೊಡ್ಡ ದೊಡ್ಡ ಹೊಲಿಗೆ ಹಾಕಿ. ದಾರವನ್ನು ಅರ್ಧ ಎಳೆದರೆ ಚೀಲ ಆಗುತ್ತದೆ. ತಳಕ್ಕೆ ಒಂದು ಹಿಡಿ ಮರಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ. ಈ ಭಾರ ಇಲ್ಲದಿದ್ದರೆ ಕುಂಬಳ ಫ್ಯಾನ್ ಗಾಳಿಗೆ ಉರುಳಾಡುತ್ತದೆ. ಕೆಲವರು ಜೋಳ ತುಂಬುತ್ತಾರೆ. ಬೇಡ, ಹುಳ ಬೀಳುತ್ತದೆ. ಮೇಲೆ ಚಿಂದಿ ಬಟ್ಟೆ ಗಟ್ಟಿಯಾಗಿ ತುರುಕಿ. ಸಾಕು ಅನ್ನಿಸಿದ ಮೇಲೆ ಇನ್ನೂ ಎರಡು ಹಿಡಿ ತುಂಬಿ, ದಾರ ಬಿಗಿದು ಗಂಟು ಹಾಕಿ.

ಈಗ ಗೆರೆ ಮೂಡಿಸಬೇಕು. ಕುಂಬಳಕ್ಕೆ ಕಳೆ ಬರುವುದೇ ಇಲ್ಲಿ, ಬಣ್ಣ ಯಾವುದಿದ್ದರೂ ನಡೆಯುತ್ತದೆ. ದಬ್ಬಣಕ್ಕೆ ಸುತಳಿ ಪೋಣಿಸಿ, ತಳದ ನಡುವಿನಿಂದ ನೆತ್ತಿಗೆ ಚುಚ್ಚಿ ತೆಗೆಯಿರಿ. ಹೊರಗಿನಿಂದ ಇಳಿಸಿ ಮತ್ತೆ ತಳದಲ್ಲೇ ಚುಚ್ಚಿ, ಪ್ರತಿ ಸಲ ಜಗ್ಗಿ. ಮೊದಲು ಎದುರುಬದುರು ಎರಡು ಗೆರೆ, ಆಮೇಲೆ ನಾಲ್ಕು, ಕೊನೆಗೆ ಎಂಟು. ಒಂದೇ ಕಡೆಯಿಂದ ಸಾಲಾಗಿ ಹೋದರೆ ಕುಂಬಳ ವಾರೆಯಾಗುತ್ತದೆ. ಮಕ್ಕಳು ಮಾಡುವುದಾದರೆ ದಬ್ಬಣ ಕೊಡಬೇಡಿ, ಸುತಳಿಯನ್ನು ಹೊರಗಿನಿಂದ ನಾಲ್ಕು ಸುತ್ತು ಬಿಗಿದರೂ ಎಂಟು ಗೆರೆ ಸಿಗುತ್ತವೆ.

ತೊಟ್ಟಿಗೆ ತೊಗರಿ ಕಟ್ಟಿಗೆಯ ಗೇಣುದ್ದದ ತುಂಡು ಮುರಿದುಕೊಳ್ಳಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಪಾಪ ಕಟ್ಟಿಗೆ ಮಾತ್ರ ಈಗಲೂ ಒಲೆಗೇ! ಅರ್ಧದಷ್ಟನ್ನು ಗಂಟಿನ ಒಳಕ್ಕೆ ಇಳಿಸಿ ಅಂಟು ಹಾಕಿ. ಹಸಿರು ಬ್ಲೌಸ್ ಬಟ್ಟೆ ಇದ್ದರೆ ಎರಡು ಎಲೆ ಕತ್ತರಿಸಿ, ಸಾಕು.

ಕಾಗದದ ಕುಂಬಳ, ಬಿದರಿ ಮೆರುಗು

ದೊಡ್ಡದು ಬೇಕಾದರೆ ಬಲೂನು ಮತ್ತು ಹಳೆ ಪೇಪರ್ ಸಾಕು. ಬಲೂನನ್ನು ಪೂರ್ತಿ ಉಬ್ಬಿಸದೆ ಮೇಲಿನಿಂದ ಕೆಳಕ್ಕೆ ದಾರ ಸುತ್ತಿ, ಗೆರೆ ಈಗಲೇ ಬೀಳಲಿ. ಒಂದು ಕಪ್ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಒಟ್ಟು ಐದು ಕಪ್ ನೀರಾಗುವಂತೆ ಹಾಕಿ, ಹೊಳಪು ಬರುವವರೆಗೆ ಕುದಿಸಿ. ಬೂಸ್ಟು ಬೇಗ ಹಿಡಿಯದಂತೆ ಒಂದು ಚಮಚ ಉಪ್ಪು ಇರಲಿ. ಪೇಪರನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಿರಿ, ಅಂಚು ಒಂದರಲ್ಲೊಂದು ಬೆರೆತುಹೋಗುತ್ತದೆ. ನಾಲ್ಕು ಪದರ ಹಚ್ಚಿ, ಎರಡು ಪದರಕ್ಕೊಮ್ಮೆ ಒಣಗಿಸಿ. ನಮ್ಮ ಬಿಸಿಲಿಗೆ ಇಡಬೇಡಿ! ಒಳಗಿನ ಗಾಳಿ ಹಿಗ್ಗಿ ಬಲೂನು ಒಡೆಯುತ್ತದೆ. ನೆರಳೇ ಸರಿ. ಪೂರ್ತಿ ಒಣಗಿದ ಮೇಲೆ ಬಲೂನು ಚುಚ್ಚಿ ತೆಗೆದು, ತೂತಿಗೆ ತೊಟ್ಟು ಸಿಕ್ಕಿಸಿ.

ಹಳದಿ ಬಣ್ಣ ಎಲ್ಲರೂ ಬಳಿಯುತ್ತಾರೆ. ನನ್ನ ಕೇಳಿದರೆ ಕಪ್ಪು ಬಳಿಯಿರಿ. ಬೀದರಿನ ಬಿದರಿ ಕೆಲಸದಲ್ಲಿ ಸತು, ತಾಮ್ರ ಬೆರೆಸಿದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಿಂದ ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆ ಕುಸುರಿ ನಮ್ಮ ಕೈಗೆ ಎಟುಕುವಂಥದ್ದಲ್ಲ, ನೋಟವನ್ನಷ್ಟೇ ಕದಿಯಬಹುದು. ಹೋಟೆಲಿಂದ ಊಟ ಕಟ್ಟಿಸಿಕೊಂಡು ಬಂದ ಅಲ್ಯುಮಿನಿಯಂ ಹಾಳೆಯನ್ನು ತೊಳೆದು, ಒರೆಸಿ, ಸಣ್ಣ ಎಳೆ ಮತ್ತು ಹೂವಿನ ಪಕಳೆಯಾಗಿ ಕತ್ತರಿಸಿ ಅಂಟಿಸಿ. ಗೆರೆಗಳ ನಡುವೆ ಒಂದೊಂದು ಬಳ್ಳಿ ಸಾಕು. ಜಾಸ್ತಿಯಾದರೆ ಕಪ್ಪು ಮರೆಯಾಗುತ್ತದೆ.

ಎರಡೂ ಬಗೆಯ ಕುಂಬಳದ ಹತ್ತಿರ ಹಣತೆ ಇಡಬೇಡಿ, ಬೆಳಕು ಬೇಕಿದ್ದರೆ ಎಲ್‌ಇಡಿ ಸರ ಸುತ್ತಿ. ಹಬ್ಬ ಮುಗಿದ ಮೇಲೆ ಮೈದಾ ಅಂಟಿನ ಕುಂಬಳವನ್ನು ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲೇ ಎತ್ತಿಡಿ, ಇಲಿ, ಜಿರಳೆಗಳಿಗೆ ಆ ವಾಸನೆ ಬಲು ಇಷ್ಟ.